ಓದಲಾಗದ ಗ್ರಂಥಕ್ಕೆ ಗ್ರಂಥಸ್ವಾಮ್ಯ

391 ಮತ್ತು 299 ಎಂಬ ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಂಡುಹಿಡಿಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿದರೆ ಶೇಷ 92. ಈಗ 299ನ್ನು 92ರಿಂದ ಭಾಗಿಸಿದರೆ ಶೇಷ 23. ಮತ್ತೆ 92ನ್ನು 23ರಿಂದ ಭಾಗಿಸಿದರೆ ಶೇಷ ಸೊನ್ನೆ. ಶೇಷ ಸೊನ್ನೆಯಾದಾಗ ಕೊನೆಯ ಭಾಜಕವೇ ಉತ್ತರ, ಅದು 23. ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲ ಲೆಕ್ಕವಿದು.

ಈ ವಿಧಾನ ಯಾರ ಸ್ವತ್ತು? ಕ್ರಿ. ಪೂ. 300ರ ಸುಮಾರಿನಲ್ಲಿ ಯೂಕ್ಲಿಡನು ತನ್ನ ಗ್ರಂಥದ ಏಳನೆಯ ಭಾಗದಲ್ಲಿ ಇದನ್ನು ನಿರೂಪಿಸಿದನು. ಕ್ರಿ. ಶ. 499ರಲ್ಲಿ ಆರ್ಯಭಟನು ಹೇಳಿದ 'ಕುಟ್ಟಕ' ವಿಧಾನದಲ್ಲಿಯೂ ಇದೇ ಪರಸ್ಪರ ಭಾಗಾಹಾರ ಕಂಡುಬರುತ್ತದೆ. ಇಂದು ಯಾರಾದರೂ ಇದನ್ನು ಬಳಸಬಹುದು. ಯಾರ ಅಪ್ಪಣೆಯೂ ಬೇಡ, ಯಾರಿಗೂ ಕಾಣಿಕೆ ಸಲ್ಲಿಸಬೇಕಾಗಿಲ್ಲ. ಆದರೆ ಇದೇ ವಿಧಾನವನ್ನು ಗಣಕಯಂತ್ರಕ್ಕೆ ತಿಳಿಯುವಂತೆ ಹತ್ತು ಸಾಲಿನ ಆದೇಶಗಳಾಗಿ ಒಬ್ಬನು ಬರೆದಿಟ್ಟನೆಂದರೆ, ಆ ಬರೆಹಕ್ಕೆ ಕಾಯಿದೆಯ ರಕ್ಷಣೆ ದೊರೆಯಬಹುದು. ಹೀಗೆ ಯಂತ್ರಕ್ಕೆ ಕೊಡುವ ಆದೇಶಗಳ ಸರಣಿಗೆ ಕ್ರಮವಿಧಿ, ಅಥವಾ ಪ್ರೋಗ್ರಾಂ, ಎಂದು ಹೆಸರು.

ಕ್ರಮವಿಧಿಗಳನ್ನು ರಚಿಸುವುದೇ ನಮ್ಮ ಕಸುಬು. ನಮ್ಮ ಅನ್ನಕ್ಕೆ ಆಧಾರವಾಗಿರುವ ಈ ಕಾಯಿದೆಯ ವಿಷಯದಲ್ಲಿ ನಮಗೆ ಬಹು ಕಾಲದಿಂದಲೂ ಒಂದು ಸಂದೇಹವಿದೆ. ಅದನ್ನು ವಾಚಕರ ಮುಂದಿಟ್ಟು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಭಾವ ಮತ್ತು ಅಭಿವ್ಯಕ್ತಿ

ಗ್ರಂಥಸ್ವಾಮ್ಯ ಅಥವಾ ಕೃತಿಸ್ವಾಮ್ಯದ ಕಾಯಿದೆಗೆ ಒಂದು ಮೂಲತತ್ತ್ವವಿದೆ. ಅದು ಭಾವವನ್ನು ರಕ್ಷಿಸುವುದಿಲ್ಲ. ಭಾವವನ್ನು ಹೇಳಿದ ರೀತಿಯನ್ನು ಮಾತ್ರ ರಕ್ಷಿಸುತ್ತದೆ. ಅಣ್ಣತಮ್ಮಂದಿರ ಜಗಳವನ್ನು ಕುರಿತು ಯಾರು ಬೇಕಾದರೂ ಕಾದಂಬರಿ ಬರೆಯಬಹುದು. ಆದರೆ ಮತ್ತೊಬ್ಬನು ಬರೆದ ಪುಟಗಳನ್ನು ನಕಲು ಮಾಡಿ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸುವಂತಿಲ್ಲ.

ಪೇಟೆಂಟಿನ ಮಾರ್ಗ ಬೇರೆ. ಅದು ಹೊಸದಾಗಿ ಕಂಡುಹಿಡಿದ ಉಪಾಯವನ್ನೇ ರಕ್ಷಿಸುತ್ತದೆ. ಅದಕ್ಕೆ ಪ್ರತಿಯಾಗಿ ಕಠಿಣವಾದ ಎರಡು ನಿಬಂಧನೆಗಳನ್ನು ಹಾಕುತ್ತದೆ. ತನ್ನ ಉಪಾಯವನ್ನು, ಆ ಶಾಸ್ತ್ರ ಬಲ್ಲ ಮತ್ತೊಬ್ಬನು ನೋಡಿ ಮಾಡುವಷ್ಟು ವಿವರವಾಗಿ, ಸಂಶೋಧಕನು ಬಹಿರಂಗಪಡಿಸಬೇಕು. ಮತ್ತು ಅವನ ಹಕ್ಕು ಅರ್ಜಿ ಸಲ್ಲಿಸಿದ 20 ವರ್ಷಗಳಲ್ಲಿ ಮುಗಿಯುತ್ತದೆ.

ಈ ಎರಡು ಮಾರ್ಗಗಳ ಭೇದವನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಇದನ್ನೇ ಅವಲಂಬಿಸಿದೆ.

ಸಮಾಜದೊಡನೆ ಒಂದು ಒಪ್ಪಂದ

ಮೊದಲ ಗ್ರಂಥಸ್ವಾಮ್ಯ ಶಾಸನವೆಂದು ಹೆಸರಾದುದು 1710ರಲ್ಲಿ ಇಂಗ್ಲೆಂಡಿನ ಆನ್ ರಾಣಿಯ ಕಾಲದಲ್ಲಿ ಜಾರಿಗೆ ಬಂದಿತು. ವಿದ್ಯೆಗೆ ಪ್ರೋತ್ಸಾಹ ಕೊಡುವುದೇ ತನ್ನ ಗುರಿಯೆಂದು ಅದು ತನ್ನ ಹೆಸರಿನಲ್ಲಿಯೇ ಹೇಳಿಕೊಂಡಿತು. ಹೊಸ ಗ್ರಂಥಕ್ಕೆ 14 ವರ್ಷಗಳ ಹಕ್ಕು; ಅಷ್ಟರ ಮೇಲೂ ಗ್ರಂಥಕರ್ತನು ಬದುಕಿದ್ದರೆ ಇನ್ನೂ 14 ವರ್ಷ. ಜೊತೆಗೆ, ಗ್ರಂಥದ ಒಂಬತ್ತು ಪ್ರತಿಗಳನ್ನು ಪ್ರಮುಖ ಗ್ರಂಥಭಂಡಾರಗಳಿಗಾಗಿ ಒಪ್ಪಿಸಬೇಕೆಂಬ ನಿಯಮವೂ ಇದ್ದಿತು.

ಇದರ ತಾತ್ಪರ್ಯ ಸ್ಪಷ್ಟವಾಗಿದೆ. ಗ್ರಂಥಕರ್ತನು ತನ್ನ ತಿಳಿವನ್ನು ಜನರ ಮುಂದೆ ತೆರೆದಿಡುತ್ತಾನೆ. ಸಮಾಜವು ಅವನಿಗೆ ಕೆಲವು ವರ್ಷ ಏಕಸ್ವಾಮ್ಯವನ್ನು ಕೊಡುತ್ತದೆ. ಅವಧಿ ಮುಗಿದ ಮೇಲೆ ಗ್ರಂಥ ಎಲ್ಲರದಾಗುತ್ತದೆ. ಎರಡು ಕಡೆಯವರೂ ಕೊಟ್ಟು ಕೊಳ್ಳುವ ಒಪ್ಪಂದವಿದು.

ಕಾಲಕ್ರಮದಲ್ಲಿ ಒಂದು ಕಡೆಯ ತಕ್ಕಡಿ ಮಾತ್ರ ಭಾರವಾಗುತ್ತ ಹೋಯಿತು. ನಮ್ಮ ದೇಶದ 1957ರ ಕಾಯಿದೆಯು ಗ್ರಂಥಕರ್ತನ ಜೀವಿತಕಾಲವಲ್ಲದೆ, ಅವನು ತೀರಿಕೊಂಡ ಅನಂತರ 50 ವರ್ಷಗಳ ಅವಧಿಯನ್ನು ಕೊಟ್ಟಿತು. 1941ರಲ್ಲಿ ಕಾಲವಾದ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಅಂತ್ಯಕ್ಕೆ ಮುಗಿಯಬೇಕಾಗಿದ್ದಿತು. ಅದು ಸಮೀಪಿಸಿದಾಗ ಕಾಯಿದೆಗೆ ತಿದ್ದುಪಡಿಯಾಗಿ, 1992ರಲ್ಲಿ ಅವಧಿ 60 ವರ್ಷಗಳಿಗೇರಿತು. ಕವಿ ಕಾಲವಾಗಿ ಅರ್ಧ ಶತಮಾನ ಕಳೆದ ಮೇಲೆ ಕೊಟ್ಟ ಪ್ರೋತ್ಸಾಹದಿಂದ ಅವರು ಇನ್ನೊಂದು ಕವಿತೆಯನ್ನು ಬರೆಯುವುದು ಸಾಧ್ಯವೇ? ಈ ಪ್ರಶ್ನೆಯನ್ನು ಕೇಳುವುದು ಕವಿಗೆ ಅಗೌರವವಲ್ಲ. ಶಾಸನದ ಉದ್ದೇಶವನ್ನು ಶಾಸನಕ್ಕೆ ನೆನಪಿಸುವುದು ಮಾತ್ರ.

ಎರಡು ಪಾಠಗಳುಳ್ಳ ಕೃತಿ

ಈಗ ಕ್ರಮವಿಧಿಯ ಸ್ವರೂಪವನ್ನು ನೋಡೋಣ. ಅದಕ್ಕೆ ಎರಡು ರೂಪಗಳಿವೆ. ಮನುಷ್ಯನು ಬರೆಯುವುದು ಮೂಲಪಾಠ. ಅದರಲ್ಲಿ ಪದಗಳಿವೆ, ಗಣಿತದ ಚಿಹ್ನೆಗಳಿವೆ, ಮುಂದೆ ಓದುವವರಿಗಾಗಿ ಬರೆದ ಟಿಪ್ಪಣಿಗಳೂ ಇವೆ. ತರಬೇತಿ ಪಡೆದ ಯಾರಾದರೂ ಅದನ್ನು ಓದಬಹುದು, ತಪ್ಪನ್ನು ಹುಡುಕಬಹುದು, ತಿದ್ದಬಹುದು. ಈ ಮೂಲಪಾಠವನ್ನು ಮತ್ತೊಂದು ಕ್ರಮವಿಧಿಯು ಯಂತ್ರಪಾಠವನ್ನಾಗಿ ಮಾರ್ಪಡಿಸುತ್ತದೆ. ಅದು ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ. ಟಿಪ್ಪಣಿಗಳು ಅಳಿಸಿಹೋಗಿರುತ್ತವೆ, ಹೆಸರುಗಳೂ ಬಹುಮಟ್ಟಿಗೆ ಉಳಿಯುವುದಿಲ್ಲ. ಯಂತ್ರಪಾಠದಿಂದ ಮೂಲಪಾಠವನ್ನು ಮತ್ತೆ ಪಡೆಯುವುದು, ಹಿಟ್ಟನ್ನು ನೋಡಿ ರಾಗಿಯ ತೆನೆಯನ್ನು ಚಿತ್ರಿಸುವಂತೆ.

ಅಂಗಡಿಯಲ್ಲಿ ಮಾರಾಟವಾಗುವುದು ಸಾಮಾನ್ಯವಾಗಿ ಈ ಎರಡನೆಯ ರೂಪ. ಹಾಗಾದರೆ ಇದು ಗ್ರಂಥವೋ, ಯಂತ್ರದ ಒಂದು ಭಾಗವೋ?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲು ನೇಮಕವಾದ ಆಯೋಗವೊಂದು 1978ರಲ್ಲಿ ವರದಿ ಒಪ್ಪಿಸಿತು. ಕ್ರಮವಿಧಿಗಳಿಗೂ ಗ್ರಂಥಸ್ವಾಮ್ಯ ಸಲ್ಲಬೇಕೆಂಬುದು ಬಹುಮತದ ಅಭಿಪ್ರಾಯ. ಇದನ್ನು ಒಪ್ಪದೆ ಭಿನ್ನಮತ ಬರೆದವರಲ್ಲಿ ಪ್ರಮುಖರು 'ಹಿರೋಷಿಮ' ಗ್ರಂಥದ ಕರ್ತೃ ಜಾನ್ ಹರ್ಸಿ. ಗ್ರಂಥವು ಮನುಷ್ಯನೊಡನೆ ಮಾತನಾಡುತ್ತದೆ. ಯಂತ್ರಪಾಠವಾದರೋ ಯಂತ್ರವನ್ನು ನಡೆಸುವ ಸಾಧನ. ಎರಡನ್ನೂ ಒಂದೇ ಶಾಸನದಡಿ ತರುವುದು ಸರಿಯಲ್ಲವೆಂಬುದು ಅವರ ವಾದ. ಸ್ವಾಮ್ಯದಿಂದ ಲಾಭ ಪಡೆಯುವ ಲೇಖಕರೇ ಹೀಗೆ ಹೇಳಿದುದು ಗಮನಾರ್ಹ. ಆದರೆ ಬಹುಮತವೇ ಗೆದ್ದಿತು. 1980ರಲ್ಲಿ ಅಮೆರಿಕದ ಕಾಯಿದೆ ತಿದ್ದುಪಡಿಯಾಯಿತು. 1983ರಲ್ಲಿ ಆ್ಯಪಲ್ ಮತ್ತು ಫ್ರಾಂಕ್ಲಿನ್ ಕಂಪನಿಗಳ ನಡುವಣ ವ್ಯಾಜ್ಯದಲ್ಲಿ, ಯಂತ್ರಪಾಠಕ್ಕೂ ರಕ್ಷಣೆ ಉಂಟೆಂದು ಮೇಲ್ಮನವಿ ನ್ಯಾಯಸ್ಥಾನವು ತೀರ್ಪಿತ್ತಿತು. 1984ರ ತಿದ್ದುಪಡಿಯ ಮೂಲಕ ನಮ್ಮ ದೇಶವೂ ಕ್ರಮವಿಧಿಯನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿತು.

ಇಲ್ಲಿಯೇ ನಮ್ಮ ಸಂದೇಹ ಮೊಳೆಯುತ್ತದೆ. ಕಾದಂಬರಿಯನ್ನು ಮಾರಬೇಕಾದರೆ ಅದನ್ನು ಓದಲು ಕೊಡಲೇಬೇಕು. ಪೇಟೆಂಟು ಬೇಕಾದರೆ ಉಪಾಯವನ್ನು ಬಹಿರಂಗಪಡಿಸಲೇಬೇಕು. ಕ್ರಮವಿಧಿಯ ಒಡೆಯನಾದರೋ ಮೂಲಪಾಠವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಯಂತ್ರಪಾಠವನ್ನು ಮಾರಿ, ಗ್ರಂಥಕರ್ತನಿಗೆ ಸಲ್ಲುವ ದೀರ್ಘಾವಧಿಯ ರಕ್ಷಣೆಯನ್ನು ಪಡೆಯಬಹುದು. ಗುಟ್ಟೂ ಉಳಿಯಿತು, ಹಕ್ಕೂ ದೊರೆಯಿತು. ಸಮಾಜಕ್ಕೆ ಬಂದುದೇನು?

ಅವಧಿಯ ಲೆಕ್ಕವನ್ನು ಸ್ವಲ್ಪ ಹಾಕೋಣ. 1995ರಲ್ಲಿ ಹುಟ್ಟಿದ ಒಬ್ಬ ತರುಣಿ 2025ರಲ್ಲಿ ಒಂದು ಕ್ರಮವಿಧಿಯನ್ನು ಬರೆದು, 80 ವರ್ಷ ಬಾಳಿದಳೆನ್ನೋಣ. ನಮ್ಮ ದೇಶದ ಕಾಯಿದೆಯಂತೆ ಅದರ ಹಕ್ಕು 2135ರ ಅಂತ್ಯದವರೆಗೆ ಇರುತ್ತದೆ. ಎಂದರೆ 110 ವರ್ಷ. 1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಎಂಬ ವಿದ್ಯುನ್ಮಾನ ಗಣಕಕ್ಕೇ ಇನ್ನೂ ನೂರು ವರ್ಷ ತುಂಬಿಲ್ಲ. 2135ರಲ್ಲಿ ಆ ಯಂತ್ರಪಾಠವನ್ನು ನಡೆಸಬಲ್ಲ ಯಂತ್ರವೆಲ್ಲಿ? ಆಗ ಎಲ್ಲರ ಸ್ವತ್ತಾಗುವುದು ಓದುವವರಿಲ್ಲದ ಸೊನ್ನೆ ಒಂದುಗಳ ರಾಶಿ ಮಾತ್ರ.

ಒಂದು ಬೀಗದ ಕಥೆ

ಇದು ಬರಿಯ ತರ್ಕವಲ್ಲವೆಂಬುದು ನಮಗೆ ಮನದಟ್ಟಾದ ಪ್ರಸಂಗವೊಂದುಂಟು. ನಮಗೆ ಪರಿಚಿತರಾದ ಒಬ್ಬ ನಿವೃತ್ತ ಅಧ್ಯಾಪಕರು ಹಳ್ಳಿಹಳ್ಳಿ ತಿರುಗಿ ಹೆಂಗಸರ ಬಾಯಿಂದ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ ಸಂಗ್ರಹಿಸಿದ್ದರು. 1990ರ ದಶಕದಲ್ಲಿ ಅವನ್ನೆಲ್ಲ ಕನ್ನಡದ ಒಂದು ಅಕ್ಷರಜೋಡಣೆಯ ಕ್ರಮವಿಧಿಯಲ್ಲಿ ಬೆರಳಚ್ಚು ಮಾಡಿಸಿ ಫ್ಲಾಪಿಗಳಲ್ಲಿ ಇಟ್ಟಿದ್ದರು. ಕ್ರಮವಿಧಿಯನ್ನು ಹಣ ಕೊಟ್ಟೇ ಕೊಂಡಿದ್ದರು. ಅದು ನಡೆಯಬೇಕಾದರೆ ಗಣಕದ ಹಿಂಬದಿಗೆ ಒಂದು ಪುಟ್ಟ ಬೀಗದ ತುಂಡನ್ನು ಸಿಕ್ಕಿಸಬೇಕಾಗಿದ್ದಿತು. ವರ್ಷಗಳು ಕಳೆದುವು. ಬೀಗದ ತುಂಡು ಕೆಟ್ಟಿತು. ಅದನ್ನು ತಯಾರಿಸಿದ ಸಂಸ್ಥೆಯೂ ಮುಚ್ಚಿಹೋಗಿದ್ದಿತು.

ಅಧ್ಯಾಪಕರು ಫ್ಲಾಪಿಗಳನ್ನು ನಮ್ಮ ಮೇಜಿನ ಮೇಲಿಟ್ಟು, "ಹಾಡು ಹೇಳಿದ ಅಜ್ಜಿಯರು ಈಗ ಯಾರೂ ಇಲ್ಲ, ಸ್ವಾಮಿ" ಎಂದರು.

ಕಡತಗಳನ್ನು ತೆರೆದು ನೋಡಿದರೆ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಕಾರಣವಿಷ್ಟೆ. ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಲೋಕಮಾನ್ಯವಾದ ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಏರ್ಪಾಡು 1991ರಲ್ಲಿ ಪ್ರಕಟವಾದರೂ, ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ತಯಾರಕರು ತಲಕಟ್ಟು, ಕೊಂಬು, ಒತ್ತು ಮುಂತಾದ ತುಂಡುಗಳಿಗೆ ತಮಗೆ ತೋರಿದ ಸಂಖ್ಯೆಗಳನ್ನು ಕೊಟ್ಟುಕೊಂಡಿದ್ದರು. ಒಬ್ಬರ ಕೋಷ್ಟಕ ಇನ್ನೊಬ್ಬರದರಂತೆ ಇರಲಿಲ್ಲ. ನಮಗೆ ಬೇಕಾಗಿದ್ದುದು ಆ ಒಂದು ಪುಟದ ಕೋಷ್ಟಕ.

ಅಧ್ಯಾಪಕರ ಬಳಿ ಕೆಲವು ಹಾಡುಗಳ ಮುದ್ರಿತ ಹಾಳೆಗಳು ಉಳಿದಿದ್ದುವು. ಶಾಸನಗಳ ಲಿಪಿಯನ್ನು ಬಿಡಿಸುವವರಂತೆ, ಹಾಳೆಯ ಅಕ್ಷರವನ್ನೂ ಕಡತದ ಸಂಖ್ಯೆಯನ್ನೂ ಎದುರು ಬದುರಾಗಿಟ್ಟು ಒಂದೊಂದಾಗಿ ಗುರುತಿಸಿದೆವು. ಹನ್ನೊಂದು ಸಂಜೆಗಳು ಹಿಡಿದುವು. ಹಾಡುಗಳು ಬಹುಪಾಲು ಮರಳಿ ದೊರೆತುವು. ಮುದ್ರಿತ ಹಾಳೆಗಳಲ್ಲಿ ಎಲ್ಲಿಯೂ ಬಾರದ ಕೆಲವು ಒತ್ತಕ್ಷರಗಳಿದ್ದ ಕಡೆ ಊಹೆ ಮಾಡಬೇಕಾಯಿತು. ಎರಡು ಫ್ಲಾಪಿಗಳು ಕೆಟ್ಟುಹೋಗಿದ್ದುವು. ಅವುಗಳಲ್ಲಿದ್ದ ಹಾಡುಗಳು ಹೋದುವು.

ನಾವು ಮಾಡಿದುದು ಕಾನೂನಿಗೆ ವಿರುದ್ಧವೇ? ಅಲ್ಲ. ಹಾಡುಗಳ ಸಂಗ್ರಹ ಅಧ್ಯಾಪಕರದು. ಒಂದು ಕ್ರಮವಿಧಿಯನ್ನು ನ್ಯಾಯವಾಗಿ ಹೊಂದಿರುವವನು ಅದರ ಮೂಲತತ್ತ್ವಗಳನ್ನು ತಿಳಿಯಲು ಅದನ್ನು ಪರೀಕ್ಷಿಸಬಹುದೆಂದೂ, ಬೇರೊಂದು ಕ್ರಮವಿಧಿಯೊಡನೆ ಅದನ್ನು ಹೊಂದಿಸಲು ಬೇಕಾದ ಮಾಹಿತಿಯನ್ನು, ಅದು ಬೇರೆ ರೀತಿಯಲ್ಲಿ ಸಿಕ್ಕದಿದ್ದರೆ, ಪಡೆದುಕೊಳ್ಳಬಹುದೆಂದೂ ನಮ್ಮ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. ಕಾಯಿದೆ ನಮ್ಮನ್ನು ತಡೆಯಲಿಲ್ಲ. ಆದರೆ ಸಹಾಯವನ್ನೂ ಮಾಡಲಿಲ್ಲ. ಆ ಸಂಸ್ಥೆಗೆ ದೀರ್ಘಕಾಲದ ರಕ್ಷಣೆಯನ್ನು ಕೊಟ್ಟ ಶಾಸನ, ಅದಕ್ಕೆ ಪ್ರತಿಯಾಗಿ ಆ ಒಂದು ಪುಟದ ಕೋಷ್ಟಕವನ್ನೂ ಕೇಳಿರಲಿಲ್ಲ.

ಎದುರು ಪಕ್ಷದ ಮಾತು

ಒಂದು ಪಕ್ಷವನ್ನು ಮಾತ್ರ ಕೇಳಿ ತೀರ್ಮಾನಕ್ಕೆ ಬರುವುದು ವಿಜ್ಞಾನದ ರೀತಿಯಲ್ಲ. 1976ರ ಫೆಬ್ರುವರಿ 3ರ ದಿನಾಂಕದಲ್ಲಿ ಬಿಲ್ ಗೇಟ್ಸ್ ಎಂಬ ತರುಣನು ಗಣಕದ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರವನ್ನು ಬರೆದನು. ಆಲ್ಟೇರ್ ಎಂಬ ಪುಟ್ಟ ಗಣಕಕ್ಕಾಗಿ ತಾನೂ ಗೆಳೆಯರೂ ಸಿದ್ಧಪಡಿಸಿದ ಬೇಸಿಕ್ ಭಾಷೆಯ ಕ್ರಮವಿಧಿಯನ್ನು ಅನೇಕರು ಬಳಸುತ್ತಿದ್ದರೂ, ಆಲ್ಟೇರ್ ಇರುವವರಲ್ಲಿ ಅದನ್ನು ಕೊಂಡವರು ನೂರಕ್ಕೆ ಹತ್ತು ಮಂದಿಗೂ ಕಡಮೆ. ಪಟ್ಟ ಶ್ರಮಕ್ಕೆ ದೊರೆತ ಫಲ ಗಂಟೆಗೆ ಎರಡು ಡಾಲರಿಗೂ ಕಡಮೆ. ಹೀಗಾದರೆ ಒಳ್ಳೆಯ ಕ್ರಮವಿಧಿಗಳನ್ನು ಯಾರು ಬರೆದಾರು? ಇದು ಆ ಪತ್ರದ ಸಾರಾಂಶ.

ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ನಾವೂ ಸಂಬಳದಿಂದಲೇ ಬದುಕುವವರು. ಮೊದಲ ಪ್ರತಿಗೆ ವರ್ಷಗಳ ದುಡಿಮೆ ಬೇಕು. ಎರಡನೆಯ ಪ್ರತಿಗೆ ಕ್ಷಣಮಾತ್ರ ಸಾಕು. ದುಡಿದವನಿಗೆ ಯಾವ ರಕ್ಷಣೆಯೂ ಬೇಡವೆನ್ನುವವರು, ಮೊದಲ ಪ್ರತಿಯ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಕಾಯಿದೆಯನ್ನೇ ತಿರುಗಿಸಿದವರು

ಈ ತೊಡಕಿಗೆ ಕೆಲವರು ಕಾರ್ಯತಃ ಉತ್ತರ ಕೊಟ್ಟಿದ್ದಾರೆ. ಅಮೆರಿಕದ ಎಂ. ಐ. ಟಿ. ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಕೆಲಸ ಮಾಡುತ್ತಿದ್ದರು. ಅಲ್ಲಿನ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವಂತೆ ಅವರು ಅದರ ಕ್ರಮವಿಧಿಯನ್ನು ತಿದ್ದಿದ್ದರು. ಆಮೇಲೆ ಬಂದ ಹೊಸ ಯಂತ್ರದಲ್ಲಿಯೂ ಕಾಗದ ಸಿಕ್ಕಿಕೊಳ್ಳುತ್ತಿದ್ದಿತು; ಆದರೆ ಅದರ ಮೂಲಪಾಠ ದೊರೆಯಲಿಲ್ಲ. ಅದನ್ನು ಹೊಂದಿದ್ದ ಮತ್ತೊಂದು ವಿಶ್ವವಿದ್ಯಾನಿಲಯದ ಸಂಶೋಧಕರು, ಯಾರಿಗೂ ಕೊಡುವುದಿಲ್ಲವೆಂದು ತಾವು ಮಾತು ಕೊಟ್ಟಿರುವುದಾಗಿ ಹೇಳಿ ನಿರಾಕರಿಸಿದರು. ಈ ಅನುಭವ ಸ್ಟಾಲ್‌ಮನ್ನರ ಮನಸ್ಸಿನಲ್ಲಿ ನಾಟಿತು.

ಅವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿ, 1989ರಲ್ಲಿ ಜಿ. ಪಿ. ಎಲ್. ಎಂಬ ಪರವಾನಗಿಯನ್ನು ಹೊರತಂದರು. ಈ ಕ್ರಮವಿಧಿಯನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ, ಮಾರಲಿ. ಆದರೆ ಹಂಚುವವರು ಮೂಲಪಾಠವನ್ನೂ ಇದೇ ಸ್ವಾತಂತ್ರ್ಯವನ್ನೂ ಮುಂದಿನವರಿಗೆ ಕೊಡಲೇಬೇಕು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದ ಲಿನಕ್ಸ್ 1992ರಲ್ಲಿ ಈ ಪರವಾನಗಿಯಡಿ ಬಂದಿತು. ಇಂದು ನಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಿರುಳಿನಲ್ಲಿ ಇರುವುದು ಅದೇ.

ಇಲ್ಲಿ ಒಂದು ಸ್ವಾರಸ್ಯವಿದೆ. ಜಿ. ಪಿ. ಎಲ್. ಪರವಾನಗಿಗೆ ಬಲ ಬಂದಿರುವುದು ಗ್ರಂಥಸ್ವಾಮ್ಯದ ಕಾಯಿದೆಯಿಂದಲೇ. ನಾಳೆ ಆ ಕಾಯಿದೆಯನ್ನು ರದ್ದು ಮಾಡಿದರೆ, ಮೂಲಪಾಠವನ್ನು ಕೊಡಬೇಕೆಂದು ಯಾರನ್ನೂ ಬಲವಂತ ಮಾಡಲಾಗದು. ಗುಟ್ಟು ಇಡುವವರು ಇನ್ನೂ ಬಿಗಿಯಾಗಿ ಇಟ್ಟಾರು. ಆದ್ದರಿಂದ ಕಾಯಿದೆಯೇ ಬೇಡವೆಂಬ ವಾದ ನಮಗೆ ಒಪ್ಪಿಗೆಯಾಗದು. ರೋಗವಿರುವುದು ಸ್ವಾಮ್ಯದಲ್ಲಿ ಮಾತ್ರವಲ್ಲ. ಸ್ವಾಮ್ಯವೂ ಗುಟ್ಟೂ ಒಂದುಗೂಡಿದುದರಲ್ಲಿ.

ಕ್ರಮವಿಧಿಯನ್ನು ನಿಜವಾದ ಗ್ರಂಥವಾಗಿಯೇ ಪ್ರಕಟಿಸಿದ ಉದಾಹರಣೆಯೂ ಉಂಟು. ಗಣಿತದ ಪುಸ್ತಕಗಳನ್ನು ಅಂದವಾಗಿ ಅಕ್ಷರಜೋಡಣೆ ಮಾಡಲು ಡೊನಾಲ್ಡ್ ಕ್ನೂತ್ 'ಟೆಕ್' ಎಂಬ ಕ್ರಮವಿಧಿಯನ್ನು ರಚಿಸಿ, ಅದರ ಮೂಲಪಾಠವನ್ನು ವಿವರಣೆಯೊಡನೆ 1986ರಲ್ಲಿ ಪುಸ್ತಕರೂಪದಲ್ಲಿ ಅಚ್ಚು ಹಾಕಿಸಿದರು. ತಪ್ಪು ತೋರಿಸಿದವರಿಗೆ ಬಹುಮಾನವನ್ನೂ ಗೊತ್ತುಮಾಡಿದರು, 2.56 ಡಾಲರಿನಿಂದ ಮೊದಲಾದ ಆ ಬಹುಮಾನ ವರ್ಷವರ್ಷವೂ ಇಮ್ಮಡಿಯಾಗಿ 327.68 ಡಾಲರಿಗೆ ಬಂದು ನಿಂತಿತು. ಲೋಕದ ಗಣಿತಜ್ಞರು ಈಗಲೂ ಟೆಕ್ ಅನ್ನು ಬಳಸುತ್ತಿದ್ದಾರೆ. ತೆರೆದಿಟ್ಟದ್ದರಿಂದ ಕೃತಿಯ ಬೆಲೆ ಕುಂದಲಿಲ್ಲ; ತಪ್ಪುಗಳು ಮಾತ್ರ ಕಡಮೆಯಾದುವು.

ಹೆಸರುಗಳ ಮೇಲೆ ಸ್ವಾಮ್ಯವುಂಟೆ?

ಕ್ರಮವಿಧಿ ಗ್ರಂಥವೂ ಹೌದು, ಯಂತ್ರವೂ ಹೌದು ಎಂಬುದರಿಂದ ನ್ಯಾಯಸ್ಥಾನಗಳಿಗೂ ತೊಡಕು ತಪ್ಪಲಿಲ್ಲ. ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ತಿಳಿಯಲು ಜಾವಾ ಭಾಷೆಯಲ್ಲಿ 'ಮ್ಯಾಕ್ಸ್' ಎಂದು ಕರೆದರೆ ಸಾಕು. ಒಳಗಿನ ಕೆಲಸ ತಾನಾಗಿ ನಡೆಯುತ್ತದೆ. ಗೂಗಲ್ ಸಂಸ್ಥೆ ಆಂಡ್ರಾಯ್ಡನ್ನು ರೂಪಿಸುವಾಗ ಒಳಗಿನ ಕೆಲಸವನ್ನು ತಾನೇ ಹೊಸದಾಗಿ ಬರೆಯಿತು. ಜಾವಾ ಬಲ್ಲವರಿಗೆ ಅನುಕೂಲವಾಗಲೆಂದು, ಕರೆಯುವ ಹೆಸರುಗಳನ್ನೂ ಅವುಗಳ ಜೋಡಣೆಯನ್ನೂ ತಿಳಿಸುವ ಸುಮಾರು 11,500 ಸಾಲುಗಳನ್ನು ಇದ್ದಂತೆಯೇ ಇರಿಸಿಕೊಂಡಿತು. ಜಾವಾದ ಒಡೆತನ ಪಡೆದಿದ್ದ ಒರ್‍ಯಾಕಲ್ ಸಂಸ್ಥೆ 2010ರಲ್ಲಿ ದಾವೆ ಹೂಡಿತು. ಹತ್ತು ವರ್ಷಕ್ಕೂ ಮೀರಿ ನಡೆದ ವ್ಯಾಜ್ಯ 2021ರ ಏಪ್ರಿಲ್ 5ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಕೊನೆಗಂಡಿತು. ಆರು ನ್ಯಾಯಾಧೀಶರು ಇದು ನ್ಯಾಯಯುತ ಬಳಕೆಯೆಂದರು, ಇಬ್ಬರು ಒಪ್ಪಲಿಲ್ಲ. ಅಂತಹ ಹೆಸರುಗಳಿಗೆ ಸ್ವಾಮ್ಯವುಂಟೋ ಇಲ್ಲವೋ ಎಂಬ ಮೂಲ ಪ್ರಶ್ನೆಯನ್ನು ಮಾತ್ರ ನ್ಯಾಯಾಲಯ ಬಗೆಹರಿಸಲಿಲ್ಲ.

ಸಂದೇಹದ ಸಾರ

ನಮ್ಮ ಮಾತನ್ನು ಹೀಗೆ ಸಂಗ್ರಹಿಸಬಹುದು. ದುಡಿದವನಿಗೆ ಫಲ ದೊರೆಯಲಿ. ಆದರೆ ಗ್ರಂಥವೆಂದು ರಕ್ಷಣೆ ಕೇಳುವ ಕ್ರಮವಿಧಿಯು ಗ್ರಂಥದಂತೆ ತೆರೆದುಕೊಳ್ಳಲಿ. ಪ್ರಕಟವಾದ ಕೂಡಲೆ ಅಲ್ಲದಿದ್ದರೂ, ಮೂಲಪಾಠದ ಪೂರ್ಣ ಪ್ರತಿಯೊಂದು ನಂಬಿಕೆಯ ಭಂಡಾರದಲ್ಲಿರಲಿ, ತಯಾರಕರು ಅದನ್ನು ಕೈಬಿಟ್ಟ ದಿನ ಹೊರಬರಲಿ. ಈಗ ನೋಂದಣಿಯೇ ಕಡ್ಡಾಯವಲ್ಲ. ನೋಂದಾಯಿಸುವವರಿಂದಲೂ ನಮ್ಮ ದೇಶದ 2021ರ ನಿಯಮಗಳು ಕೇಳುವುದು ಮೂಲಪಾಠದ ಮೊದಲ ಹತ್ತು ಮತ್ತು ಕೊನೆಯ ಹತ್ತು ಪುಟಗಳನ್ನು ಮಾತ್ರ. ಎರಡನೆಯದಾಗಿ, ಹತ್ತು ವರ್ಷಗಳಲ್ಲಿ ಹಳತಾಗುವ ವಸ್ತುವಿಗೆ ನೂರು ವರ್ಷದ ಹಕ್ಕು ಬೇಡ. 1710ರ ಹದಿನಾಲ್ಕು ವರ್ಷವೇ ಸಾಕಷ್ಟಾಯಿತು. ಮೂರನೆಯದಾಗಿ, ಒಂದು ಯಂತ್ರ ಇನ್ನೊಂದರೊಡನೆ ಮಾತನಾಡಲು ಬೇಕಾದ ಹೆಸರುಗಳೂ ಕೋಷ್ಟಕಗಳೂ ಎಲ್ಲರವಾಗಿರಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಸಂದೇಹಪಡುವುದು ಬೇರೆ, ಕಾಯಿದೆಯನ್ನು ಮುರಿಯುವುದು ಬೇರೆ. ಇನ್ನೊಬ್ಬರ ಶ್ರಮವನ್ನು ಕದ್ದು ಸಂದೇಹದ ಹೆಸರು ಹೇಳುವುದು ಪ್ರಾಮಾಣಿಕವಲ್ಲ. ಓದಲು, ಕಲಿಯಲು, ತಿದ್ದಲು ಕರೆದು ಕೊಡುವ ಕ್ರಮವಿಧಿಗಳು ಇಂದು ಸಾಕಷ್ಟಿವೆ. ಅವುಗಳಿಂದ ಮೊದಲು ಮಾಡಿರಿ. ನೀವು ಬರೆದದ್ದನ್ನು ಮುಂದಿನವರು ಓದಬಲ್ಲರೇ ಎಂದು ಪ್ರತಿಸಲವೂ ಕೇಳಿಕೊಳ್ಳಿರಿ.

ಯೂಕ್ಲಿಡನು ತನ್ನ ಭಾಗಾಹಾರದ ವಿಧಾನವನ್ನು ಬೀಗ ಹಾಕಿ, ಉತ್ತರಗಳನ್ನು ಮಾತ್ರ ಮಾರಿದ್ದನೆಂದರೆ, 391 ಮತ್ತು 299ರ ಲೆಕ್ಕವನ್ನು ನಾವಿಂದು ಹೇಗೆ ಮಾಡುತ್ತಿದ್ದೆವು? ಹಾಗೆ ಬೀಗ ಹಾಕಿದ ವಿಧಾನಗಳು ನಮ್ಮ ಸುತ್ತಲೂ ಈಗ ಎಷ್ಟಿವೆಯೋ, ವಾಚಕರೇ ಆಲೋಚಿಸಲಿ.